ಗಡ್ಡ ಹಾಗೇ ಇರಲಿ

ಮಾರ್ಚ್ 4

ಶ್ರೀಮದ್ ಬೆಳ್ಳಿತೆರೆ ಸಾಮ್ರಾಜ್ಯ ಧುರಂಧರ, ನಾಟಕ ಕಂಪನಿಯಲ್ಲಿ ಈಟಿ ಹಿಡಿದು ನಿಲ್ಲುವ ಕೊನೆಯ ಸೈನಿಕನ ಪದವಿಯಿಂದ ಮೇಲೆದ್ದು, ಲೆಕ್ಕವಿಲ್ಲದಷ್ಟು ಸಿನಿಮಾಗಳಲ್ಲಿ ನಾಯಕನ ಕೈಯಿಂದ ಬಗೆಬಗೆಯಾಗಿ ಸತ್ತು, ಎಡಗೆನ್ನೆಯೊಂದನ್ನೇ ನಡುಗಿಸಿ ಪ್ರೇಕ್ಷಕ ಕೋಟಿಯನ್ನು ನಡುಗಿಸಿ, ಕೊನೆಗೂ ಬದುಕುಳಿದು ನಿರ್ದೇಶಕರ ಕುರ್ಚಿಯನ್ನು ಅಲಂಕರಿಸಿರುವ ಚಿಕ್ಕಪ್ಪ ಮಹಾಪ್ರಭುಗಳ ಪಾದಾರವಿಂದಗಳಿಗೆ, ಅದೇ ನಾಟಕ ಕಂಪನಿಯ ಆಸ್ಥಾನ ಬೋರ್ಡು ಬರಹಗಾರನೂ, ಆರು ಬಣ್ಣದ ಡಬ್ಬಗಳ ಏಕೈಕ ಒಡೆಯನೂ, ತಮ್ಮ ಸ್ವಂತ ಅಣ್ಣನ ಒಬ್ಬನೇ ಮಗನೂ ಆದ ತರ್ಲೆ ಮಾಡಿಕೊಳ್ಳುವ ವಿಜ್ಞಾಪನೆ.

ಪ್ರಭುಗಳ ಅಪ್ಪಣೆಯಂತೆ ಗಡ್ಡವು ಕ್ಷೇಮ.

ಶೂಟಿಂಗ್ ನಿಂತ ದಿನ ತಾವು ಅಪ್ಪನನ್ನು ರೈಲು ಹತ್ತಿಸಿ, ಕಿಟಕಿಗೆ ಮುಖ ತಂದು, "ಗಡ್ಡ ಹಾಗೇ ಇರಲಿ ಅಣ್ಣ, ಒಂದೇ ತಿಂಗಳು" ಅಂದಿರಂತೆ. ಅಪ್ಪ ಮನೆಗೆ ಬಂದವರು ಚೀಲ ಕೆಳಗಿಡುವ ಮೊದಲೇ ಅದನ್ನು ಹೇಳಿದರು. ಅಮ್ಮ ಬಾಗಿಲಲ್ಲೇ ನಿಂತು ಗಡ್ಡವನ್ನು ಮೇಲಿಂದ ಕೆಳಗೆ ನೋಡಿ, "ಒಬ್ರೇ ಹೋಗಿದ್ರಿ, ಇದ್ಯಾರನ್ನ ಕರ್ಕೊಂಡು ಬಂದ್ರಿ? ಊಟಕ್ಕೆ ಇರ್ತಾರಾ?" ಎಂದು ಕೇಳಿದರು.

ಅಂದಿನಿಂದ ಅತಿಥಿಗಳು ನಮ್ಮಲ್ಲೇ ಇದ್ದಾರೆ. ತಮ್ಮ ಸಿನಿಮಾದಲ್ಲಿ ಅಪ್ಪ ಆಡುವ ಮುದುಕ, ಕಡಲ ದೀಪಸ್ತಂಭದ ಕಾವಲುಗಾರನೂ ಅವರ ಜೊತೆಗೇ ಇದ್ದಾನೆ. ಮೆಟ್ಟಿಲು ಹತ್ತುವುದು, ಎಣ್ಣೆ ತುಂಬುವುದು, ಗಾಜು ಒರೆಸುವುದು ಎಲ್ಲ ಆಯಿತು, ಆ ಒಂದು ಮಾತಿನ ದೃಶ್ಯ ಮಾತ್ರ ಉಳಿಯಿತು ಅನ್ನುತ್ತಾರೆ ಅಪ್ಪ. ಆ ಮಾತುಗಳನ್ನು ಹಿತ್ತಲಿನ ನೀರಿನ ತೊಟ್ಟಿಗೆ ದಿನಾ ಹೇಳುತ್ತಾರೆ. ವರ್ಷಾನುಗಟ್ಟಲೆ ದೂರವಿದ್ದು ಬಂದ ಮಗನ ಪಾತ್ರದಲ್ಲಿ ತೊಟ್ಟಿ ಬಹಳ ಚೆನ್ನಾಗಿ ಅಭಿನಯಿಸುತ್ತಿದೆ.

ನಿನ್ನೆ ಅಪ್ಪ ಅಂದರು: "ಇಷ್ಟು ವರ್ಷ ಆಡಿದ್ದೆಲ್ಲ ಪರದೆ ಬೀಳ್ತಿದ್ದ ಹಾಗೆ ಹೋಯ್ತಲ್ಲೋ. ನೋಡಿದೋರು ಸತ್ರೆ ಅದೂ ಸತ್ತ ಹಾಗೆ. ಇದೊಂದು ಉಳಿಯತ್ತೆ." ಹೀಗೆ ಹೇಳಿ ತಕ್ಷಣ ನಾಚಿಕೊಂಡು, ನನಗೆ ಬ್ರಷ್ ತೊಳೆಯಲು ಬರುವುದಿಲ್ಲವೆಂದು ಬೈದರು.

ಅಪ್ಪಣೆ ಬರಲಿ, ದೇಹವನ್ನೂ ಗಡ್ಡವನ್ನೂ ಒಂದೇ ರೈಲಿನಲ್ಲಿ ಕಳುಹಿಸಿಕೊಡುತ್ತೇನೆ.

ಗಡ್ಡರಕ್ಷಕ ದಳದ ಮಹಾದಂಡನಾಯಕ,
ತರ್ಲೆ


ಮಾರ್ಚ್ 19

ಪ್ರೀತಿಯ ತರ್ಲೆ,

ನಿನ್ನ ಪತ್ರವನ್ನು ಎಡಿಟಿಂಗ್ ರೂಮಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿದೆ. ಎಡಿಟರ್ ನಕ್ಕು ಟೀ ಚೆಲ್ಲಿಕೊಂಡ. ಈ ಕತ್ತಲೆ ಗೂಡಿನಲ್ಲಿ ನಗು ಕೇಳಿ ತುಂಬ ದಿನವಾಗಿತ್ತು.

ತೆಗೆದಷ್ಟು ಭಾಗ ಅದ್ಭುತವಾಗಿ ಬಂದಿದೆ ಅಂತ ಅಣ್ಣನಿಗೆ ಹೇಳು. ಆ ಸುರುಳಿ ಮೆಟ್ಟಿಲು ಹತ್ತುವುದನ್ನು ಹಿಂದಿನಿಂದ ತೆಗೆದೆವಲ್ಲ, ಅದನ್ನು ಕ್ಯಾಮೆರಾಮನ್ ಮತ್ತೆ ಮತ್ತೆ ಹಾಕಿಸಿ ನೋಡಿದ. ಆಮೇಲೆ, "ಈ ಬೆನ್ನಿಗೆ ಡೈಲಾಗೇ ಬೇಡ ಸಾರ್" ಅಂದ.

ನಿರ್ಮಾಪಕರು ದುಡ್ಡು ಹೊಂದಿಸಲು ಸ್ವಲ್ಪ ಉಸಿರು ತೆಗೆದುಕೊಳ್ಳುತ್ತಿದ್ದಾರೆ. ಮೇ ತಿಂಗಳಲ್ಲಿ ಖಂಡಿತ ಎಂದಿದ್ದಾರೆ. ಅಲ್ಲಿಯವರೆಗೆ ಕಂಟಿನ್ಯುಟಿ ಕಾಯಬೇಕು. ಹಾಗಂದರೆ, ಇವತ್ತು ಮೊದಲ ಮೆಟ್ಟಿಲು ಹತ್ತಿದವನನ್ನು ನಾವು ಕೊನೆಯ ಮೆಟ್ಟಿಲಲ್ಲಿ ಎಂಟು ತಿಂಗಳ ನಂತರ ತೆಗೆದರೂ ಪ್ರೇಕ್ಷಕನಿಗೆ ಅದು ಅದೇ ನಿಮಿಷ. ಆದ್ದರಿಂದ ಗಡ್ಡ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅಂಗಿಯ ಎರಡನೇ ಗುಂಡಿ ಮುಟ್ಟಬೇಕು, ದಾಟಬಾರದು. ಫೋಟೋ ಕಳಿಸಿದ್ದೇನೆ, ನೋಡಿಕೊಂಡು ತುದಿ ಕತ್ತರಿಸು. ಬೇರೆಯವರ ಕೈಗೆ ಕತ್ತರಿ ಕೊಡಬೇಡ.

ಅತ್ತಿಗೆಗೆ ನನ್ನ ಮೇಲೆ ಕೋಪ ಬೇಡವೆಂದು ಹೇಳು. ಅಣ್ಣ ಜೇಬಿನಲ್ಲಿ ತಂದಿದ್ದ ಮನೆಯ ಫೋಟೋದಲ್ಲಿ ನೀನೂ ಒಂದು ಮೂಲೆಯಲ್ಲಿ ಇದ್ದೆ. ನಿನ್ನ ದವಡೆ ಥೇಟ್ ಅಣ್ಣನದೇ ಕಣೋ. ಒಂದು ದಿನ ಆ ಮುಖವನ್ನು ಕ್ಯಾಮೆರಾ ಮುಂದೆ ಇಟ್ಟು ನೋಡಬೇಕು.

ನಿನ್ನ ಚಿಕ್ಕಪ್ಪ


ಜೂನ್ 2

ಗಡ್ಡಾಧಿಪತಿ, ಗುಂಡಿಪ್ರಮಾಣಶಾಸ್ತ್ರ ವಿಶಾರದ ಚಿಕ್ಕಪ್ಪನವರಿಗೆ ತ್ರೈಮಾಸಿಕ ವರದಿ.

ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪ ಅದೇ ಅಂಗಿ ಹಾಕಿಕೊಂಡು ಕಿಟಕಿಯ ಬೆಳಕಿಗೆ ಕೂರುತ್ತಾರೆ. ನಾನು ತಮ್ಮ ಫೋಟೋವನ್ನು ಗೋಡೆಗೆ ಒರಗಿಸಿ, ಎರಡನೇ ಗುಂಡಿಯನ್ನು ಗುರಿಯಾಗಿಟ್ಟುಕೊಂಡು ಶಸ್ತ್ರಕ್ರಿಯೆ ನಡೆಸುತ್ತೇನೆ. ಅಮ್ಮ ಬಿದ್ದ ಕೂದಲನ್ನು ಗುಡಿಸುತ್ತ, "ನಿಮ್ಮ ತಮ್ಮನಿಗೆ ಇದನ್ನೂ ಕಟ್ಟಿ ಕಳಿಸ್ಲಾ, ಕೇಳಿ" ಅನ್ನುತ್ತಾರೆ.

ಮೇ ಬಂದು ಹೋಯಿತು. ಅದು ಪಕ್ಕಕ್ಕಿರಲಿ.

ಕಂಪನಿಯಲ್ಲಿ ಒಂದು ಸಣ್ಣ ಬದಲಾವಣೆ. ಅಪ್ಪನ ನ್ಯಾಯಾಧೀಶನ ಪಾತ್ರವನ್ನು ಸದ್ಯಕ್ಕೆ ಗಂಟಲು ಮಾಡುತ್ತಿದ್ದಾನೆ. ಅವನನ್ನು ತಾವು ನೋಡಿಲ್ಲ. ಕೊನೆಯ ಸಾಲಿನವರಿಗೂ ಕಿವಿನೋವು ಬರಿಸಬಲ್ಲ ಪ್ರತಿಭೆ, ಅದಕ್ಕೇ ಆ ಹೆಸರು. ಗಡ್ಡದ ನ್ಯಾಯಾಧೀಶ ಮಗನಿಗೆ ಶಿಕ್ಷೆ ಕೊಟ್ಟರೆ ಕೆನ್ನೆ ನಡುಗುವುದು ಯಾರಿಗೆ ಕಾಣಬೇಕು? ಮುಂದಿನ ಸಾಲಿನವರು ಬರುವುದೇ ಆ ಕೆನ್ನೆ ನೋಡುವುದಕ್ಕೆ. ಅಪ್ಪನೇ ದೊಡ್ಡ ಮನಸ್ಸು ಮಾಡಿ ಪಾತ್ರ ಬಿಟ್ಟುಕೊಟ್ಟರು. ಮಾಲೀಕರೂ ತುಂಬ ಸಂತೋಷದಿಂದ ಒಪ್ಪಿದರು. ಎಲ್ಲರೂ ಸಂತೋಷವಾಗಿದ್ದಾರೆ.

ಕೆನ್ನೆ ಅಂದಾಗ ನೆನಪಾಯಿತು. ಸಿನಿಮಾ ಪತ್ರಿಕೆಯಲ್ಲಿ ತಮ್ಮ ಸಂದರ್ಶನ ಓದಿದೆವು. ಆ ಪ್ರಸಿದ್ಧ ಕೆನ್ನೆಯ ಕಂಪನವನ್ನು ಬಾಲ್ಯದಲ್ಲಿ ಕಂಡ ಗಾಯಗೊಂಡ ಕುದುರೆಯಿಂದ ಕಲಿತೆ ಎಂದು ಹೇಳಿದ್ದೀರಿ. ಅಪ್ಪ ಎರಡು ಸಲ ಓದಿಸಿ, "ನಮ್ಮನೆ ಹತ್ರ ಕುದುರೆ ಎಲ್ಲಿತ್ತೋ?" ಎಂದು ಕೇಳಿ ನಕ್ಕುಬಿಟ್ಟರು. ನ್ಯಾಯಾಧೀಶನ ಕುರ್ಚಿಯ ಪಕ್ಕ ಈಟಿ ಹಿಡಿದು ನಿಂತ ಸೈನಿಕನಿಗೆ ಎಡಗೆನ್ನೆ ಬಹಳ ಹತ್ತಿರದಿಂದ ಕಾಣುತ್ತದಂತೆ. ಕುದುರೆ ಆರೋಗ್ಯವಾಗಿದೆ, ತಮ್ಮನ್ನು ಕೇಳಿದೆ ಎಂದು ತಿಳಿಸಲು ಸಂತೋಷಿಸುತ್ತೇನೆ.

ತಮಾಷೆಗೆ ಬರೆದೆ. ಶೂಟಿಂಗ್ ಯಾವಾಗ ಎಂದು ಒಂದು ಸಾಲು ಬರೆಯಿರಿ.

ತರ್ಲೆ


ಜುಲೈ 11

ಪ್ರೀತಿಯ ತರ್ಲೆ,

ಬೇರೆಯವರ ಸಿನಿಮಾವೊಂದರಲ್ಲಿ ಸಾಯುವ ಕೆಲಸ ಇತ್ತು, ಅದಕ್ಕೇ ತಡ. ನನ್ನ ಸಿನಿಮಾ ಮುಗಿಸಬೇಕಾದರೆ ಇನ್ನೂ ಎಷ್ಟು ಸಲ ಸಾಯಬೇಕೋ. ಕುದುರೆಯ ಜೋಕು ಚೆನ್ನಾಗಿತ್ತು. ಪತ್ರಿಕೆಯವರು ಬಾಯಿಗೆ ಬಂದದ್ದು ಬರೆಯುತ್ತಾರೆ.

ಅಣ್ಣ ಪಾತ್ರ ಬಿಟ್ಟುಕೊಟ್ಟದ್ದು ಒಳ್ಳೆಯದೇ ಆಯಿತು. ಈ ವಯಸ್ಸಿನಲ್ಲಿ ದಿನಾ ಅಷ್ಟು ಹೊತ್ತು ಕಿರುಚುವುದು ಎದೆಗೆ ಒಳ್ಳೆಯದಲ್ಲ. ಸ್ವಲ್ಪ ಆರಾಮವಾಗಿರಲಿ.

ಈಗ ನಿನ್ನಿಂದ ಒಂದು ಸಹಾಯ ಬೇಕು. ಅಣ್ಣ ಆ ಕಾವಲುಗಾರನ ಮಾತುಗಳನ್ನು ದಿನಾ ಹೇಳುತ್ತಾರೆ ಅಂದೆಯಲ್ಲ, ನೀನು ಮರೆಯಲ್ಲಿ ಕೂತು ಗಮನಿಸು. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಉಸಿರು ಬಿಡುತ್ತಾರೆ, ಯಾವ ಮಾತಿಗೆ ಕಣ್ಣು ಎಲ್ಲಿ ಹೋಗುತ್ತದೆ, ಕೈ ಏನು ಮಾಡುತ್ತದೆ, ಎಲ್ಲ ಬರೆದು ಕಳಿಸು. ಕ್ಯಾಮೆರಾ ಎಲ್ಲಿಡಬೇಕು ಎಂದು ಮೊದಲೇ ಯೋಚಿಸಿಕೊಳ್ಳಬಹುದು. ಅಣ್ಣನಿಗೆ ಹೇಳಬೇಡ. ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದರೆ ನಾಟಕ ಶುರು ಮಾಡಿಬಿಡುತ್ತಾರೆ, ನಿನಗೇ ಗೊತ್ತು.

ಗಡ್ಡ ಹಾಗೇ ಇರಲಿ.

ಚಿಕ್ಕಪ್ಪ


ಜುಲೈ 20

ರಹಸ್ಯ ಕಾರ್ಯಾಚರಣೆಯ ಮಹಾನಿರ್ದೇಶಕರಿಗೆ,

ತಮ್ಮ ಗೂಢಚಾರನು ಹಿತ್ತಲಿನಲ್ಲಿ, ಒಣಹಾಕಿದ ಹಾಸಿಗೆಯ ಹಿಂದೆ ಅಡಗಿ ಕೂತು, ಇರುವೆಗಳ ದಾಳಿಯನ್ನು ಧೈರ್ಯದಿಂದ ಎದುರಿಸಿ, ಐದು ದಿನ ನಡೆಸಿದ ಕಾರ್ಯಾಚರಣೆಯ ಫಲ ಇಲ್ಲಿದೆ.

"ಹಡಗು ಬರತ್ತೆ ಅಂತ", ಇಲ್ಲಿ ನಿಲ್ಲುತ್ತಾರೆ. ಮುಂದಿನ ಮಾತು ಮರೆತೇಹೋಯಿತೇನೋ ಅಂತ ನನಗೆ ದಿಗಿಲಾಗುವಷ್ಟು ಹೊತ್ತು. ಆಮೇಲೆ "ದೀಪ ಹಚ್ಚಲಿಲ್ಲ ಮಗು". ಇದನ್ನು ಮಗನನ್ನು ನೋಡಿ ಹೇಳುವುದಿಲ್ಲ, ತಮ್ಮ ಕೈ ನೋಡಿಕೊಂಡು ಹೇಳುತ್ತಾರೆ. ಬೆರಳಲ್ಲಿ ಎಣ್ಣೆ ಅಂಟಿರುವಂತೆ ಹೆಬ್ಬೆರಳಿನಿಂದ ಒರೆಸುತ್ತಾರೆ. "ನಾನಿನ್ನೂ ಇಲ್ಲೇ ಇದ್ದೀನಿ ಅಂತ", ಇಲ್ಲಿ ಉಸಿರು ಒಳಗೆ, ಹೊರಗಲ್ಲ. "ಕತ್ತಲೆಗೆ ಗೊತ್ತಾಗ್ಲಿ ಅಂತ ಹಚ್ಚಿದೆ." ಇದನ್ನು ನಗುತ್ತ ಹೇಳುತ್ತಾರೆ. ಅಳಬೇಕಾದ ಜಾಗದಲ್ಲಿ ನಗುತ್ತಾರೆ, ಚಿಕ್ಕಪ್ಪ. ನಾನು ಹಾಸಿಗೆಯ ಹಿಂದೆ ಕೂತು ಒಳ್ಳೆ ಪೆದ್ದನ ಹಾಗೆ ಅತ್ತೆ. ಇರುವೆ ಕಚ್ಚಿದ್ದಕ್ಕೂ ಇರಬಹುದು.

ಉಳಿದ ಸಾಲುಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನಿಲ್ಲುವ ಕಡೆ ಕೆಂಪು ಬಣ್ಣದ ಗೆರೆ. ಅಂಗಡಿ ಬೋರ್ಡಿಗೆ ತಂದ ಒಳ್ಳೆಯ ಬಣ್ಣ ಅದು, ಕಲೆಗಾಗಿ ಖರ್ಚು ಮಾಡಿದೆ.

ಗಡ್ಡದೊಳಗೆ ಇಷ್ಟೆಲ್ಲ ನಡೆಯುತ್ತದೆ ಎಂದು ಗೊತ್ತಿರಲಿಲ್ಲ. ಕ್ಯಾಮೆರಾ ಹತ್ತಿರ ಇಡಿ. ತೀರ ಹತ್ತಿರ.

ತಮ್ಮ ವಿಶ್ವಾಸದ ಗೂಢಚಾರ


ಸೆಪ್ಟೆಂಬರ್ 8

ಚಿಕ್ಕಪ್ಪ,

ಹಾಳೆ ತಲುಪಿತೇ? ತಲುಪಿತು ಎಂದಾದರೂ ಬರೆಯಬಹುದಿತ್ತು.

ಮೊನ್ನೆ ಮಾಲೀಕರು ಅಪ್ಪನನ್ನು ಕೋಣೆಗೆ ಕರೆದು, "ಯಜಮಾನ್ರೇ, ಮುಖ ಬೇಕೋ ಗಡ್ಡ ಬೇಕೋ, ಒಂದು ಹೇಳಿ. ಗಡ್ಡಕ್ಕೆ ನಮ್ಮಲ್ಲಿ ಪಾತ್ರ ಇಲ್ಲ" ಅಂದರು. ಅಪ್ಪ, "ನನ್ನ ತಮ್ಮನಿಗೆ ಮಾತು ಕೊಟ್ಟಿದೀನಿ" ಅಂದರು. ಈಗ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಾರೆ. ಹಳಬರು ಕೆಲವರು ಗುರುತು ಹಿಡಿದು, "ಏನ್ ಸಾರ್, ಸನ್ಯಾಸ ತಗೊಂಡ್ರಾ?" ಎಂದು ಕೇಳುತ್ತಾರೆ. "ಇಲ್ಲ, ಸಿನಿಮಾ" ಎನ್ನುತ್ತಾರೆ ಅಪ್ಪ. ಎರಡೂ ಒಂದೇ ಅಂದುಕೊಂಡು ಅವರು ಒಳಗೆ ಹೋಗುತ್ತಾರೆ.

ಜೂನ್ ಪತ್ರದಲ್ಲಿ ಎಲ್ಲರೂ ಸಂತೋಷವಾಗಿದ್ದಾರೆ ಎಂದು ಬರೆದಿದ್ದೆ. ಯಾರೂ ಸಂತೋಷವಾಗಿರಲಿಲ್ಲ. ಪಾತ್ರವನ್ನು ಅಪ್ಪ ಬಿಟ್ಟುಕೊಟ್ಟದ್ದಲ್ಲ, ಕಿತ್ತುಕೊಂಡದ್ದು. ಹೊರಗಿನ ದೊಡ್ಡ ಬೋರ್ಡಿನಲ್ಲಿ ಅಪ್ಪನ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದು ಗಂಟಲಿನ ಹೆಸರು ಬರೆದವನು ನಾನೇ. ಕೆಳಗಿನ ಅಕ್ಷರ ಕಾಣುತ್ತಿದೆ ಎಂದು ಮಾಲೀಕರು ಎರಡನೇ ಸಲ ಬಳಿಸಿದರು.

ಶೂಟಿಂಗ್ ಯಾವಾಗ?


ಡಿಸೆಂಬರ್ 15

ಪ್ರೀತಿಯ ತರ್ಲೆ,

ಈ ಪತ್ರವನ್ನು ಎಷ್ಟು ಸಲ ಶುರು ಮಾಡಿದೆನೋ. ಯಾರಾದರೂ ಹೇಳಿರುತ್ತಾರೆ ಅಂದುಕೊಂಡೆ.

ಸಿನಿಮಾ ಮುಗಿದಿದೆ. ಜನವರಿಯಲ್ಲಿ ತೆರೆಗೆ ಬರುತ್ತದೆ. ಹಂಚಿಕೆದಾರರು ಒಂದೇ ಹಟ ಹಿಡಿದರು: ಮಾತಿನ ದೃಶ್ಯದಲ್ಲಿ ಜನಕ್ಕೆ ಗೊತ್ತಿರುವ ಮುಖ ಇರಬೇಕು, ಇಲ್ಲದಿದ್ದರೆ ಕೊಳ್ಳುವುದಿಲ್ಲ ಅಂತ. ಎರಡು ವರ್ಷದ ದುಡಿಮೆ ಡಬ್ಬದಲ್ಲೇ ಕೊಳೆಯುವುದಿತ್ತು. ಬೇರೆ ಯಾರನ್ನೋ ಹಾಕಲು ಮನಸ್ಸು ಬರಲಿಲ್ಲ. ಅಣ್ಣನ ಜಾಗದಲ್ಲಿ ಹೊರಗಿನವರು ಏಕೆ ಎಂದು ನಾನೇ ಮಾಡಿದೆ. ಆಗಸ್ಟ್‌ನಲ್ಲಿ, ಸೆಟ್‌ನಲ್ಲಿ, ಅಂಟಿಸಿದ ಗಡ್ಡದಲ್ಲಿ.

ಅಣ್ಣನನ್ನು ಪೂರ್ತಿ ತೆಗೆದಿಲ್ಲ. ಮೆಟ್ಟಿಲು ಹತ್ತುವ ದೃಶ್ಯ ಹಾಗೇ ಇದೆ. ಬೆನ್ನು ಅಣ್ಣನದು, ತಿರುಗಿದರೆ ಮುಖ ನನ್ನದು. ನಮ್ಮಿಬ್ಬರ ಭುಜ ಒಂದೇ ಥರ ಇರುವುದು ಒಳ್ಳೆಯದಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ನೀನು ಕಳಿಸಿದ ಹಾಳೆ ಇಲ್ಲದಿದ್ದರೆ ನನಗೆ ಆಗುತ್ತಿರಲಿಲ್ಲ. ಆ ಕೆಂಪು ಗೆರೆಗಳನ್ನು ಮಾತ್ರ ನೋಡಿಕೊಂಡು ಮಾಡಿದೆ. ಸೆಟ್‌ನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ನಿನಗೂ ಸೇರಬೇಕು.

ಅಣ್ಣನಿಗೆ ನೀನು ಹೇಗೆ ಹೇಳುತ್ತೀಯೋ ಹಾಗೆ ಹೇಳು. ನಿನಗೆ ಮಾತು ಚೆನ್ನಾಗಿ ಬರುತ್ತದೆ. ಮೂರು ಪಾಸ್ ಇಟ್ಟಿದ್ದೇನೆ, ಬಾಲ್ಕನಿ.

ಇನ್ನೊಂದು ವಿಷಯ. ಮುಂದಿನ ಚಿತ್ರಕ್ಕೆ ಹೊಸ ಹುಡುಗ ಬೇಕು, ಹಡಗಿನಲ್ಲಿ ಕೆಲಸ ಮಾಡುವವನು. ನನ್ನ ಮನಸ್ಸಿನಲ್ಲಿ ಇರುವುದು ಆ ದವಡೆಯೇ. ಮಾರ್ಚ್‌ನಲ್ಲಿ ಕ್ಯಾಮೆರಾ ಟೆಸ್ಟ್. ಬರುವ ಮನಸ್ಸಿದ್ದರೆ ಈಗಿನಿಂದಲೇ ಗಡ್ಡ ಬಿಡು.

ನಿನ್ನ ಚಿಕ್ಕಪ್ಪ


ಜನವರಿ 27

ಶ್ರೀಮದ್ ಅಂಟುಗಡ್ಡ ಚಕ್ರವರ್ತಿ, ಪರರ ಬೆನ್ನಿಗೆ ಸ್ವಮುಖ ಜೋಡಿಸುವ ವಿದ್ಯೆಯಲ್ಲಿ ಪಾರಂಗತ, ಅಣ್ಣನ ಕೆನ್ನೆಯನ್ನು ಕುದುರೆಗೂ ಅಣ್ಣನ ಉಸಿರನ್ನು ಹಂಚಿಕೆದಾರರಿಗೂ ಒಪ್ಪಿಸಿದ ದಾನಶೂರ ಚಿಕ್ಕಪ್ಪನವರಿಗೆ, ಕೆಂಪು ಗೆರೆಗಳ ಕರ್ತೃ ಮಾಡುವ ಅಂತಿಮ ವರದಿ.

ಹಿಂದಿನ ದಿನ ಬಂದಿದ್ದ ತಮ್ಮ ಪತ್ರವನ್ನು ನಾನು ಒಡೆದಾಗ ಅಪ್ಪ ಕಿಟಕಿಯ ಬಳಿ ಕೂತಿದ್ದರು. ಭಾನುವಾರ, ಎರಡನೇ ಗುಂಡಿಯ ದಿನ. "ಅವನದಾ? ಯಾವಾಗಂತೆ?" ಅಂದರು. ಓದಿದೆ. ಹಾಳೆಯ ವಿಷಯ ಬಂದಲ್ಲಿ ಆ ಸಾಲುಗಳನ್ನು ಹಾರಿಸಿದೆ. ಅಪ್ಪ ಪೂರ್ತಿ ಕೇಳಿ, "ಕನ್ನಡಿ ತಾ" ಅಂದರು.

ಗಡ್ಡವನ್ನು ಅಪ್ಪ ತಾವೇ ತೆಗೆದರು, ನನ್ನ ಕೈಗೆ ಕತ್ತರಿ ಕೊಡಲಿಲ್ಲ. ಗಡ್ಡ ಇದ್ದ ಜಾಗವೆಲ್ಲ ಬೆಳ್ಳಗೆ, ಮೇಲಿನ ಅರ್ಧ ಮಾತ್ರ ಬಿಸಿಲಿಗೆ ಕಪ್ಪಾಗಿತ್ತು. ಎರಡು ಮುಖ ಹೊಲಿದು ಸೇರಿಸಿದ ಹಾಗೆ ಕಾಣುತ್ತಿತ್ತು. ಅಮ್ಮ ಅದೇ ಬಾಗಿಲಲ್ಲಿ ನಿಂತು ನೋಡಿ, "ಬಂದ್ರಾ" ಅಂದರು. ಅಷ್ಟೇ.

ಸಿನಿಮಾಕ್ಕೆ ಹೋದೆವು. ಅಮ್ಮ ಬರಲಿಲ್ಲ. ಅಮ್ಮನ ಪಾಸಿನ ಕುರ್ಚಿಯ ಮೇಲೆ ಅಪ್ಪ ಕೊಡೆ ಇಟ್ಟರು. ಮೆಟ್ಟಿಲಿನ ದೃಶ್ಯ ಬಂದಾಗ ನನ್ನ ಮೊಣಕೈ ತಿವಿದು, "ಬೆನ್ನು ಚೆನ್ನಾಗಿ ಬಂದಿದೆ, ಅಲ್ವೇನೋ?" ಎಂದು ಪಿಸುಗುಟ್ಟಿದರು. ಬೆನ್ನು ತಿರುಗಿತು, ತಾವಾದಿರಿ. ಅಪ್ಪ ಸ್ವಲ್ಪ ಮುಂದಕ್ಕೆ ಬಾಗಿ, "ಕಿವಿ ಹತ್ರ ಅಂಟು ಹೊಳೀತಿದೆ ನೋಡು, ಪೌಡರ್ ಹಾಕ್ಬೇಕಿತ್ತು" ಅಂದರು.

ಆಮೇಲೆ ಆ ಮಾತು. ಹಡಗು ಬರುತ್ತದೆ ಅಂತ. ತಾವು ನಿಂತಿರಿ. ತಾವು ಕೈ ನೋಡಿಕೊಂಡಿರಿ, ಹೆಬ್ಬೆರಳಿನಿಂದ ಎಣ್ಣೆ ಒರೆಸಿದಿರಿ, ಉಸಿರು ಒಳಗೆ ತೆಗೆದುಕೊಂಡಿರಿ, ಅಳಬೇಕಾದಲ್ಲಿ ನಕ್ಕಿರಿ. ಪಕ್ಕದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು. ಒಂದೇ ಒಂದು ಗೆರೆಯೂ ತಪ್ಪಲಿಲ್ಲ, ಚಿಕ್ಕಪ್ಪ. ತಾವು ನಿಜವಾಗಿಯೂ ದೊಡ್ಡ ನಟ.

ಹೊರಗೆ ಬಂದ ಮೇಲೆ ಅಪ್ಪ ಕೊಡೆ ಊರಿಕೊಂಡು ನಡೆದರು. ಮೂಲೆಯ ದೀಪದ ಕಂಬದ ಹತ್ತಿರ ನಿಂತು, "ನೋಡಿದ್ಯಾ, ನಾನು ಎಲ್ಲಿ ನಿಲ್ತೀನೋ ಅಲ್ಲೇ ನಿಂತ" ಅಂದರು. "ನಾನು ಹೇಳಿಕೊಟ್ಟಿಲ್ಲ, ಅವ್ನು ನೋಡಿಲ್ಲ. ಆದ್ರೂ ಅಲ್ಲೇ ನಿಂತ. ತಮ್ಮ ಅಂದ್ರೆ ಹಾಗೆ ಕಣೋ, ರಕ್ತ." ಅವರ ಮುಖದಲ್ಲಿ ಹೆಮ್ಮೆ ಇತ್ತು. ನಾನು ಬಾಯಿ ಬಿಡಲಿಲ್ಲ. ಸಾಮಾನ್ಯವಾಗಿ ನನಗೆ ಮಾತು ಚೆನ್ನಾಗಿ ಬರುತ್ತದೆ.

ಹೋದ ವಾರ ಗಂಟಲಿಗೆ ಗಂಟಲು ಕೂತಿತು. ಬೇರೆ ದಾರಿ ಇಲ್ಲದೆ ಮಾಲೀಕರು ಅಪ್ಪನಿಗೆ ಒಂದು ಆಟಕ್ಕೆ ನ್ಯಾಯಾಧೀಶನ ನಿಲುವಂಗಿ ಕೊಟ್ಟರು. ನಾನು ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿ ಹೆಸರು ಬರೆದೆ. ಅಪ್ಪ ಮಧ್ಯಾಹ್ನದಿಂದಲೇ ಏನೂ ತಿನ್ನಲಿಲ್ಲ. ಮಗನಿಗೆ ಶಿಕ್ಷೆ ಓದುವ ದೃಶ್ಯ ಬಂತು. ಓದಿ ಮುಗಿಸಿ, ಕಾಗದ ಕೆಳಗಿಟ್ಟು, ಸುಮ್ಮನೆ ಕೂತರು. ಎಡಗೆನ್ನೆ ಮಾತ್ರ ನಡುಗಿತು. ನಾನು ಪರದೆಯ ಪಕ್ಕದಿಂದ ನೋಡುತ್ತಿದ್ದೆ.

ಮುಂದಿನ ಸಾಲಿನಲ್ಲಿ ಯಾರೋ ಹುಡುಗರು ನಕ್ಕರು. ಒಬ್ಬ ಪಕ್ಕದವನಿಗೆ ಹೇಳಿದ್ದು ರಂಗದ ಮೇಲಕ್ಕೇ ಕೇಳಿಸಿತು: "ಲೋ, ಆ ಸಿನಿಮಾ ವಿಲನ್‌ದು ಕಾಪಿ ಹೊಡೀತಿದಾನೆ ಮುದುಕ."

ಅಪ್ಪ ದೃಶ್ಯ ಮುಗಿಸಿದರು. ಬಣ್ಣ ಒರೆಸಿಕೊಳ್ಳುವಾಗ ಕೆನ್ನೆಯನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಉಜ್ಜಿಕೊಂಡರು. ಮಾರನೆಯ ದಿನದಿಂದ ಮತ್ತೆ ಟಿಕೆಟ್ ಹರಿಯುತ್ತಿದ್ದಾರೆ, ತಾವಾಗಿಯೇ ಕೇಳಿಕೊಂಡು. ತೊಟ್ಟಿಗೆ ಈಗ ಬಿಡುವು. ತಮಗೆ ಏನು ಬರೆಯಲಿ ಎಂದು ಕೇಳಿದ್ದಕ್ಕೆ, "ಚೆನ್ನಾಗಿ ಬಂದಿದೆ ಅಂತ ಬರಿ, ಇನ್ನೇನು" ಅಂದರು. ಬರೆದಿದ್ದೇನೆ.

ಇಷ್ಟು ಅಪ್ಪನ ಪರವಾಗಿ. ನನ್ನ ಪರವಾಗಿ ಘೋಷಿಸುವುದೇನೆಂದರೆ: ಬೋರ್ಡು ಬರಹಗಾರನ ಈ ಆಸ್ಥಾನವು ತಮ್ಮ ಸಾಮ್ರಾಜ್ಯದೊಡನೆ ಇಂದಿನಿಂದ ಸಕಲ ಸಂಬಂಧಗಳನ್ನೂ ಕಡಿದುಕೊಂಡಿದೆ. ಗೂಢಚಾರ ಇಲಾಖೆ ಮುಚ್ಚಿದೆ. ಗಡ್ಡರಕ್ಷಕ ದಳ ಬರ್ಖಾಸ್ತಾಗಿದೆ. ತಾವು ಯಾವ ಮುಖ ಹೊತ್ತು ಬಂದರೂ, ಅದು ತಮ್ಮದೇ ಆಗಿದ್ದರೂ, ಈ ಮನೆಯ ಬಾಗಿಲು ತೆರೆಯುವುದಿಲ್ಲ. ಇದಕ್ಕೆ ಉತ್ತರ ಬೇಕಾಗಿಲ್ಲ.

ತರ್ಲೆ

ಮರೆತಿದ್ದೆ. ತಮ್ಮ ಪತ್ರದ ಕೊನೆಯ ಪ್ಯಾರಾವನ್ನೂ ನಾನು ಅಪ್ಪನಿಗೆ ಓದಿ ಹೇಳಲಿಲ್ಲ. ಟೆಸ್ಟ್ ಮಾರ್ಚ್‌ನಲ್ಲಿ ಎಂದಿದ್ದೀರಿ, ತಾರೀಖು ಬರೆದಿಲ್ಲ. ಮೂರು ವಾರದಿಂದ ನಾನು ಗಡ್ಡ ತೆಗೆದಿಲ್ಲ. ಅಮ್ಮ ಕೇಳಿದರೆ ಬ್ಲೇಡು ಮೊಂಡಾಗಿದೆ ಅನ್ನುತ್ತಿದ್ದೇನೆ.